ಅಳಿಯನ ಶಿಪ್ಪು ಈಗ ಎಲ್ಲುಂಟು? ಆಫ್‌ಶೋರ್ ಸಪ್ಲೈ ಹಡಗನ್ನು ಹುಡುಕಿ ಅದರ ಜಾತಕ ಓದುವ ಸಮಗ್ರ ಮಾರ್ಗದರ್ಶಿ

ಮಲ್ಪೆಯ ನಮ್ಮ ಅಕ್ಕನ ಮಗ ಎರಡು ವರ್ಷದಿಂದ ಸಪ್ಲೈ ಹಡಗಿನಲ್ಲಿದ್ದಾನೆ. ಮೊದಲ ಸಲ ಸೈನ್ ಆನ್ ಆದ (ಹಡಗಿನ ಕೆಲಸಕ್ಕೆ ಸೇರಿದ) ವಾರ ಅಕ್ಕ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದಳು. "ನೀನು ಕಂಪ್ಯೂಟರ್ ನೋಡುವವ, ಶಿಪ್ಪು ಎಲ್ಲಿದೆ ಅಂತ ಹೇಳು ಮಾರಾಯ." ಹುಡುಗ ಹೇಳಿದ್ದ ಹೆಸರನ್ನು ಆ್ಯಪಿನಲ್ಲಿ ಹೊಡೆದೆ. ಒಂದು ಹಡಗು ಬಂತು. ಅದು ಮಲೇಷ್ಯಾದ ಹತ್ತಿರ ಇತ್ತು. ಅಕ್ಕನಿಗೆ ಹಾಗೇ ಹೇಳಿದೆ, ಅವಳು ಊರಿಗೆಲ್ಲ ಹೇಳಿದಳು. ಮೂರನೇ ದಿನ ಹುಡುಗ ಮುಂಬೈಯಿಂದ ಫೋನ್ ಮಾಡಿ "ಮಾವ, ನಾವಿನ್ನೂ ಜೆಟ್ಟಿ ಬಿಟ್ಟಿಲ್ಲ" ಅಂದ! ನಾನು ನೋಡುತ್ತಿದ್ದದ್ದು ಅದೇ ಹೆಸರಿನ ಬೇರೆ ಯಾರದ್ದೋ ಹಡಗು.

ಆಮೇಲೆ ಸರಿಯಾಗಿ ಕಲಿತೆ. ಈಗ ನಮ್ಮ ಕಡೆ ಯಾರ ಮನೆಯ ಹುಡುಗ ಶಿಪ್ಪಿಗೆ ಹೋದರೂ ನನಗೊಂದು ಫೋನ್ ಬರುತ್ತದೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲಿ ಬರೆದು ಹಾಕುತ್ತಿದ್ದೇನೆ. ಫೋನು, ಇಂಟರ್‌ನೆಟ್ಟು, ಒಂದು ನೋಟ್‌ಬುಕ್ಕು ಇದ್ದರೆ ಸಾಕು. ದುಡ್ಡು ಕೊಡುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ.

ಮೊದಲು, ಇದು ಎಂಥ ಹಡಗು?

ಕಡಲಲ್ಲಿ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮ್ ಮತ್ತು ರಿಗ್‌ಗಳಿಗೆ ಡೀಸೆಲ್, ನೀರು, ಸಿಮೆಂಟ್, ಪೈಪು, ಅಕ್ಕಿ ಬೇಳೆಯವರೆಗೆ ಎಲ್ಲ ಮುಟ್ಟಿಸುವ ಹಡಗು ಇದು. ಆ ಲೋಕದಲ್ಲಿ ಒಟ್ಟಾರೆ ಓಎಸ್‌ವಿ ಅನ್ನುತ್ತಾರೆ. ಒಳಗೆ ಜಾತಿ ಬೇರೆ ಬೇರೆ. ಸಾಮಾನು ಹೊರುವುದೇ ಮುಖ್ಯ ಕೆಲಸವಾದರೆ ಪಿಎಸ್‌ವಿ. ರಿಗ್ಗಿನ ಲಂಗರು ಎತ್ತಿ ಇಳಿಸಿ, ರಿಗ್ಗನ್ನೇ ಎಳೆದುಕೊಂಡು ಹೋಗಿ, ಜೊತೆಗೆ ಒಂದಿಷ್ಟು ಸಾಮಾನೂ ಹೊತ್ತರೆ ಎಎಚ್‌ಟಿಎಸ್. ಜನರನ್ನು ಬೇಗ ಬೇಗ ಸಾಗಿಸುವುದು ಕ್ರೂ ಬೋಟ್. ನೋಡಿದರೆ ಗುರುತು ಹಿಡಿಯುವುದು ಸುಲಭ: ಮನೆಯೆಲ್ಲ ಮೂತಿಯ ಕಡೆ, ಹಿಂದೆ ಉದ್ದಕ್ಕೆ ಖಾಲಿ ಡೆಕ್ಕು, ಥೇಟ್ ಸಮುದ್ರದ ಲಾರಿ.

ನಮ್ಮ ದೇಶದಲ್ಲಿ ಇವಕ್ಕೆ ದೊಡ್ಡ ಕೆಲಸದ ಜಾಗ ಮುಂಬೈ ಹೈ. 1974ರಲ್ಲಿ ಎಣ್ಣೆ ಸಿಕ್ಕಿದ್ದು, ಮುಂಬೈ ತೀರದಿಂದ ಸುಮಾರು 160 ಕಿ.ಮೀ. ದೂರ. ಈ ದೂರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇನ್ನು ನಮ್ಮ ಹುಡುಗರಲ್ಲಿ ಜಾಸ್ತಿ ಜನ ಗಲ್ಫ್ ಕಡೆಯ ಓಎಸ್‌ವಿಗಳಲ್ಲೂ ಇದ್ದಾರೆ.

ಹೆಜ್ಜೆ 1: ಹೆಸರು ಬಿಡಿ, ನಂಬರ್ ಹಿಡಿಯಿರಿ

ನಾನು ಮೋಸ ಹೋದದ್ದು ಇಲ್ಲೇ. ಹಡಗಿನ ಹೆಸರು ಅನ್ನುವುದು ಬೋಟಿನ ಹೆಸರಿನ ಹಾಗೆ. ಮಲ್ಪೆ ಬಂದರಿನಲ್ಲಿ ನಿಂತು "ದುರ್ಗಾ" ಅಂತ ಕರೆದರೆ ಎಷ್ಟು ಬೋಟಿನವರು ತಿರುಗಿ ನೋಡುತ್ತಾರೆ ಹೇಳಿ? ಅದೂ ಅಲ್ಲದೆ ಓಎಸ್‌ವಿಗಳು ಕೈ ಬದಲಾಗುವುದು ಜಾಸ್ತಿ. ಹೊಸ ಮಾಲೀಕ ಬಂದ, ಹೊಸ ಹೆಸರು ಬಳಿದ, ಕೆಲವೊಮ್ಮೆ ಬಾವುಟವನ್ನೂ ಬದಲಿಸಿದ.

ಬದಲಾಗದೆ ಉಳಿಯುವುದು ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್. ಏಳು ಅಂಕೆ. ಹಡಗು ಹುಟ್ಟುವಾಗ ಸಿಕ್ಕಿದ್ದು ಗುಜರಿಗೆ ಹೋಗುವವರೆಗೂ ಅದೇ. ಇದು 1987ರಲ್ಲಿ ಶುರುವಾಗಿ 1996ರಿಂದ ಕಡ್ಡಾಯವಾಯಿತು. ಹಡಗಿನ ಮೈಮೇಲೂ ಅಳಿಸಿಹೋಗದ ಹಾಗೆ ಇದನ್ನು ಗುರುತು ಹಾಕಿರಬೇಕು, ಸಾಮಾನ್ಯವಾಗಿ ಹಿಂಬದಿಯಲ್ಲಿ ಹೆಸರಿನ ಕೆಳಗೆ ಕಾಣುತ್ತದೆ. ಹುಡುಗ ಹೊರಡುವ ಮುಂಚೆ ಅವನ ಕಾಂಟ್ರಾಕ್ಟ್ ಪೇಪರ್ ನೋಡಿ ಇದನ್ನು ಬರೆದುಕೊಳ್ಳಿ. ಹೋದ ಮೇಲೆ ಕೇಳಿದರೆ "ಆಮೇಲೆ ಕಳಿಸ್ತೇನೆ" ಅಂತಾನೆ, ಕಳಿಸುವುದಿಲ್ಲ.

ಫೋನಲ್ಲಿ ಕೇಳಿ ಬರೆದುಕೊಂಡ ನಂಬರ್ ತಪ್ಪಿರಬಹುದು ಅಲ್ವಾ? ಅದನ್ನು ಪರೀಕ್ಷೆ ಮಾಡಲು ಒಂದು ಉಪಾಯ ಆ ನಂಬರಿನ ಒಳಗೇ ಇದೆ. ಮೊದಲ ಆರು ಅಂಕೆಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ, ಎಲ್ಲ ಕೂಡಿಸಿ. ಬಂದ ಮೊತ್ತದ ಕೊನೆಯ ಅಂಕೆಯೇ ಏಳನೇ ಅಂಕೆಯಾಗಿರಬೇಕು. ಉದಾಹರಣೆಗೆ 9074729 ತೆಗೆದುಕೊಳ್ಳಿ. 63, 0, 35, 16, 21, 4. ಕೂಡಿದರೆ 139. ಕೊನೆಯದು 9, ನಂಬರಿನ ಕೊನೆಯದೂ 9, ಸರಿ ಇದೆ. ತಾಳೆ ಆಗದಿದ್ದರೆ ಎಲ್ಲೋ ಒಂದು ಅಂಕೆ ತಪ್ಪಿ ಕೇಳಿಸಿಕೊಂಡಿದ್ದೀರಿ ಅಂತ ಅರ್ಥ. ಅಕ್ಕನ ಮಗಳು ಆರನೇ ಕ್ಲಾಸು, ಅವಳೇ ಮಾಡುತ್ತಾಳೆ.

ಇನ್ನೊಂದು ನಂಬರೂ ಕಾಣಿಸುತ್ತದೆ, ಎಂಎಂಎಸ್ಐ, ಒಂಬತ್ತು ಅಂಕೆ. ಇದು ಹಡಗಿನ ರೇಡಿಯೋದ ನಂಬರ್, ಸಿಮ್ ಕಾರ್ಡಿನ ಹಾಗೆ. ಮೊದಲ ಮೂರು ಅಂಕೆ ದೇಶ ಹೇಳುತ್ತದೆ: 419 ಅಂದರೆ ಭಾರತ, 538 ಅಂದರೆ ಮಾರ್ಷಲ್ ದ್ವೀಪ, 636 ಲೈಬೀರಿಯಾ. ಬಾವುಟ ಬದಲಾದರೆ ಇದೂ ಬದಲಾಗುತ್ತದೆ. ಇದನ್ನು ಎರಡನೇ ಸಾಕ್ಷಿಯಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಅಲ್ಲ.

ಹೆಜ್ಜೆ 2: ಆ ಚುಕ್ಕಿ ಬರುವುದು ಎಲ್ಲಿಂದ ಅಂತ ತಿಳಿದುಕೊಳ್ಳಿ

ಮೆರೈನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಇವೆಲ್ಲ ಹಡಗನ್ನು ಆಕಾಶದಿಂದ ಕ್ಯಾಮೆರಾ ಇಟ್ಟು ನೋಡುತ್ತವೆ ಅಂತ ಹಲವರು ನಂಬಿದ್ದಾರೆ. ಹಾಗೇನಿಲ್ಲ. ಹಡಗೇ ತನ್ನ ಬಗ್ಗೆ ಕೂಗಿ ಹೇಳುತ್ತಿರುತ್ತದೆ. ಆ ವ್ಯವಸ್ಥೆಯ ಹೆಸರು ಎಐಎಸ್. ಹಡಗು ಹಡಗಿಗೆ ಡಿಕ್ಕಿಯಾಗಬಾರದು ಅಂತ ಮಾಡಿದ್ದು, ಮನೆಯವರಿಗೆ ತೋರಿಸಲಿ ಅಂತ ಅಲ್ಲ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಮೇಲಿನ ಹಡಗುಗಳಿಗೆ, ದೇಶದೊಳಗೇ ಓಡುವ 500 ಮತ್ತು ಮೇಲಿನ ಸರಕು ಹಡಗುಗಳಿಗೆ ಇದು ಕಡ್ಡಾಯ.

ಇದು ವಿಎಚ್‌ಎಫ್ ರೇಡಿಯೋದಲ್ಲಿ, 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ಚಾನೆಲ್‌ನಲ್ಲಿ ಹೋಗುತ್ತದೆ. ಹಡಗು ಓಡುತ್ತಿದ್ದರೆ 2ರಿಂದ 10 ಸೆಕೆಂಡಿಗೊಮ್ಮೆ ತನ್ನ ಜಾಗ ಹೇಳುತ್ತದೆ. ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಹೆಸರು, ಅಳತೆ, ಎಲ್ಲಿಗೆ ಹೋಗುತ್ತಿದೆ ಅನ್ನುವುದೆಲ್ಲ 6 ನಿಮಿಷಕ್ಕೊಮ್ಮೆ ಮಾತ್ರ. ಕೆಲವೊಮ್ಮೆ ಹೊಸ ಚುಕ್ಕಿ ಹೆಸರಿಲ್ಲದೆ ಬರೀ ಎಂಎಂಎಸ್ಐ ಹೊತ್ತು ಕಾಣಿಸುವುದು ಇದಕ್ಕೇ.

ಮುಖ್ಯ ವಿಷಯ ಏನೆಂದರೆ ವಿಎಚ್‌ಎಫ್ ನೇರ ಹೋಗುತ್ತದೆ, ಭೂಮಿಯ ಬಾಗಿಗೆ ಬಾಗುವುದಿಲ್ಲ. ಎಷ್ಟು ದೂರ ಕೇಳಿಸುತ್ತದೆ ಅನ್ನುವುದಕ್ಕೆ ಲೆಕ್ಕ ಉಂಟು: ಎರಡೂ ಆಂಟೆನಾಗಳ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಕಿ.ಮೀ. ಬರುತ್ತದೆ. 10 ಮೀಟರ್ ಎತ್ತರದ ಮನೆಯ ತಾರಸಿ, 20 ಮೀಟರ್ ಎತ್ತರದ ಹಡಗಿನ ಆಂಟೆನಾ ಅಂದರೆ ಸುಮಾರು 31 ಕಿ.ಮೀ. ನಮ್ಮ ಕಾಪು ದೀಪಸ್ತಂಭ ಸುಮಾರು 27 ಮೀಟರ್, ಅದರ ತುದಿಯಿಂದಲೂ ಇದೇ ಹಡಗು ಹತ್ತಿರ ಹತ್ತಿರ 40 ಕಿ.ಮೀ. ತನಕ ಕೇಳಿಸೀತು ಅಷ್ಟೆ. ಗುಡ್ಡದ ಮೇಲೆ ರಿಸೀವರ್ ಇಟ್ಟರೆ ಇನ್ನೂ ದೂರ. ಆದರೆ ಮುಂಬೈ ಹೈ 160 ಕಿ.ಮೀ. ಆಚೆ ಇದೆ, ನೆನಪಿದೆಯಲ್ಲ? ದಡದ ರಿಸೀವರಿಗೆ ಅಲ್ಲಿನ ಕೂಗು ಸಾಮಾನ್ಯವಾಗಿ ತಲುಪುವುದೇ ಇಲ್ಲ. ಅಂಥ ಕಡೆ ಉಪಗ್ರಹ ಕೇಳಿಸಿಕೊಳ್ಳುತ್ತದೆ. ಆ ಮಾಹಿತಿಯನ್ನು ಈ ಸೈಟುಗಳು ಹೆಚ್ಚಾಗಿ ದುಡ್ಡಿಗೆ ಕೊಡುತ್ತವೆ.

ಹೆಜ್ಜೆ 3: ಪುಟ ತೆರೆದ ಮೇಲೆ ಕಣ್ಣು ಎಲ್ಲಿಗೆ ಹೋಗಬೇಕು

ಎಲ್ಲರೂ ಮೊದಲು ನಕ್ಷೆ ನೋಡುತ್ತಾರೆ. ನೀವು ಮೊದಲು ಸಮಯ ನೋಡಿ. "ಕೊನೆಯ ಮಾಹಿತಿ ಬಂದದ್ದು" ಅಂತ ಒಂದು ಸಾಲು ಇರುತ್ತದೆ. 5 ನಿಮಿಷ ಹಿಂದಿನದ್ದಾದರೆ ಹಡಗು ಅಲ್ಲೇ ಇದೆ. 3 ದಿನ ಹಿಂದಿನದ್ದಾದರೆ ಆ ಚುಕ್ಕಿ ಹಳೆಯ ಫೋಟೋ ಇದ್ದ ಹಾಗೆ. ಸಮಯ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಅಂತ ಇದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಆಮೇಲೆ ವೇಗ. ನಾಟ್ ಲೆಕ್ಕದಲ್ಲಿರುತ್ತದೆ, 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಪಣಂಬೂರಿನ ನವಮಂಗಳೂರು ಬಂದರಿನಿಂದ ಮುಂಬೈಗೆ ಕಡಲ ದಾರಿ ಸುಮಾರು 380 ನಾಟಿಕಲ್ ಮೈಲು. 10 ನಾಟ್‌ನಲ್ಲಿ ಹೊರಟ ಸಪ್ಲೈ ಹಡಗಿಗೆ 38 ಗಂಟೆ. ಅಂದರೆ ಇವತ್ತು ಸಂಜೆ ಬಿಟ್ಟರೆ ನಾಡಿದ್ದು ಬೆಳಿಗ್ಗೆ. ಬಸ್ಸಿಗೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ಮೂರನೆಯದು ಸ್ಟೇಟಸ್. ಓಡುತ್ತಿದೆ, ಲಂಗರಿನಲ್ಲಿದೆ, ಜೆಟ್ಟಿಗೆ ಕಟ್ಟಿದೆ, ಹೀಗೆ. ಓಎಸ್‌ವಿಗೆ ವಿಶೇಷವಾದದ್ದು ಒಂದುಂಟು: "ತಿರುಗಾಟಕ್ಕೆ ನಿರ್ಬಂಧ" ಎಂಬ ಅರ್ಥದ ಸ್ಟೇಟಸ್, ನಂಬರ್ 3. ಮೊದಲ ಸಲ ನೋಡಿದಾಗ ಹಡಗು ಕೆಟ್ಟುಹೋಯಿತೇನೋ ಅಂತ ನಮ್ಮಕ್ಕ ಅತ್ತೇಬಿಟ್ಟಿದ್ದಳು. ಹಾಗಲ್ಲ. ಪ್ಲಾಟ್‌ಫಾರ್ಮಿನ ಪಕ್ಕ ನಿಂತು ಸಾಮಾನು ಇಳಿಸುವಾಗ, ರಿಗ್ಗಿನ ಲಂಗರು ಎತ್ತುವಾಗ, ಬೇರೆ ಹಡಗಿಗೆ ದಾರಿ ಬಿಡಲು ಆಗುವುದಿಲ್ಲ ಎಂದು ಹೇಳುವ ಕ್ರಮ ಅದು. ಹುಡುಗ ಡ್ಯೂಟಿಯಲ್ಲಿದ್ದಾನೆ ಅಂತಲೇ ಓದಿಕೊಳ್ಳಿ.

ಎಲ್ಲಿಗೆ ಹೋಗುತ್ತಿದೆ, ಯಾವಾಗ ಮುಟ್ಟುತ್ತದೆ, ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅನ್ನುವ ಮೂರು ವಿವರವೂ ಮೇಲೆ ಹೇಳಿದ ಸ್ಟೇಟಸ್ಸೂ ಕೈಯಿಂದ ತುಂಬುವಂಥದ್ದು. ಬ್ರಿಜ್‌ನಲ್ಲಿರುವ ಆಫೀಸರ್ ಮರೆತರೆ ಹಳೆಯದೇ ಉಳಿಯುತ್ತದೆ. ನವಮಂಗಳೂರು ಬಂದರಿಗೆ ಐಎನ್‌ಎನ್‌ಎಂಎಲ್, ಮುಂಬೈಗೆ ಐಎನ್‌ಬಿಒಎಂ ಅಂತ ಕೋಡ್ ಇದೆ. ಕೆಲವರು ಕೋಡ್ ಹಾಕುತ್ತಾರೆ, ಕೆಲವರು ಊರಿನ ಹೆಸರು, ಕೆಲವರು ಬರೀ "ಆಯಿಲ್ ಫೀಲ್ಡ್" ಅಂತ. ಹಡಗು ಉತ್ತರಕ್ಕೆ ಓಡುತ್ತಿದ್ದು ಗುರಿ ಕೊಚ್ಚಿ ಅಂತ ತೋರಿಸಿದರೆ ಚುಕ್ಕಿಯನ್ನು ನಂಬಿ, ಬರಹವನ್ನಲ್ಲ.

ಕೊನೆಗೆ ಹಿಂದಿನ ದಾರಿ, ಅಂದರೆ ಟ್ರ್ಯಾಕ್. ನನಗೆ ಇದನ್ನು ನೋಡುವುದೇ ಖುಷಿ. ಪಿಎಸ್‌ವಿಯ ಟ್ರ್ಯಾಕ್ ಬಂದರಿನಿಂದ ನೇರ ಗೆರೆ ಎಳೆದ ಹಾಗೆ ಹೋಗಿ, ಪ್ಲಾಟ್‌ಫಾರ್ಮಿನ ಹತ್ತಿರ ಮಕ್ಕಳು ಪೆನ್ಸಿಲಿನಲ್ಲಿ ಗೀಚಿದ ಹಾಗೆ ಒಂದು ಗಂಟಾಗಿ, ಮತ್ತೆ ನೇರ ಗೆರೆಯಲ್ಲಿ ವಾಪಸ್ ಬರುತ್ತದೆ. ಆ ಗಂಟಿನ ಒಳಗೆ ವೇಗ 0.1, 0.2 ನಾಟ್. ಅಲ್ಲಿ ಮೂತಿಯ ದಿಕ್ಕು ಮತ್ತು ಓಟದ ದಿಕ್ಕು ಎರಡನ್ನೂ ಹೋಲಿಸಿ ನೋಡಿ. ಮೂತಿ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತಿರುತ್ತದೆ, ಓಟದ ದಿಕ್ಕು ಮಾತ್ರ ಬುಗುರಿಯ ಹಾಗೆ ತಿರುಗುತ್ತಿರುತ್ತದೆ. ನಿಂತ ಹಡಗಿಗೆ ಓಟದ ದಿಕ್ಕು ಅನ್ನುವುದೇ ಇಲ್ಲ, ಜಿಪಿಎಸ್‌ನ ಸಣ್ಣ ಅಲುಗಾಟ ಅದು. ಹಡಗು ಸುತ್ತುತ್ತಿದೆ ಅಂತ ಗಾಬರಿಯಾಗಬೇಡಿ. ಲಂಗರು ಹಾಕಿದ್ದರೆ ಟ್ರ್ಯಾಕ್ ಬಿಲ್ಲಿನ ಹಾಗೆ ಬಾಗಿರುತ್ತದೆ, ಗೂಟಕ್ಕೆ ಕಟ್ಟಿದ ದನ ಮೇಯುವ ಹಾಗೆ.

ಹೆಜ್ಜೆ 4: ಪಣಂಬೂರಿನಲ್ಲಿ ಒಂದು ಸಂಜೆ ಅಭ್ಯಾಸ ಮಾಡಿ

ಓದಿ ಕಲಿಯುವುದಕ್ಕಿಂತ ಇದು ಉತ್ತಮ. ಪಣಂಬೂರು ಬೀಚಿಗೆ ಹೋಗಿ, ಚುರುಮುರಿ ತಗೊಳ್ಳಿ, ಫೋನಲ್ಲಿ ನಕ್ಷೆ ತೆರೆಯಿರಿ. ಎದುರಿಗೆ ಕಾಣುವ ಹಡಗನ್ನು ನಕ್ಷೆಯಲ್ಲಿ ಹುಡುಕಿ. ನಮ್ಮ ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾದದ್ದು, ಹಾಗಾಗಿ ಹಡಗಿಗೆ ಬರಗಾಲವಿಲ್ಲ. ಬಂದರಿನ ಸೈಟಿನಲ್ಲಿ ಯಾವ ಹಡಗು ಯಾವ ಬರ್ತಿನಲ್ಲಿ, ಯಾವುದು ಕಾಯುತ್ತಿದೆ ಎಂಬ ದಿನದ ಪಟ್ಟಿಯೂ ಸಿಗುತ್ತದೆ, ಅದರ ಜೊತೆ ತಾಳೆ ನೋಡಿ.

ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತರುವ ದೊಡ್ಡ ಟ್ಯಾಂಕರ್‌ಗಳು ಬಂದರಿನ ಹೊರಗೆ ಕಡಲಲ್ಲಿ ತೇಲುವ ಒಂದು ಬೋಯ್‌ಗೆ ಕಟ್ಟಿಕೊಂಡು ಪೈಪಿನಲ್ಲಿ ಎಣ್ಣೆ ಇಳಿಸುತ್ತವೆ. ಅದಕ್ಕೆ ಸಿಂಗಲ್ ಪಾಯಿಂಟ್ ಮೂರಿಂಗ್ ಅನ್ನುತ್ತಾರೆ. ಟ್ಯಾಂಕರ್ ಬಂದಾಗ ಅದರ ಸುತ್ತ ಓಡಾಡುವ ಸಣ್ಣ ಚುಕ್ಕಿಗಳನ್ನು ಒತ್ತಿ ನೋಡಿ, ಹಗ್ಗ ಮತ್ತು ಹೋಸ್ ಪೈಪಿನ ಕೆಲಸಕ್ಕೆ ನಿಂತ ಟಗ್ ಮತ್ತು ಸಪೋರ್ಟ್ ಹಡಗುಗಳು ಅವು. ನಮ್ಮವರು ಇವನ್ನು ಮರೆಯುವುದಿಲ್ಲ. 2021ರ ಮೇ ತಿಂಗಳ ತೌಕ್ತೆ ತೂಫಾನಿನಲ್ಲಿ ಇಂಥದ್ದೇ ಕೆಲಸದ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ ಮೂಲ್ಕಿ ಬಂಡೆಗಳ ಹತ್ತಿರ ಸಿಕ್ಕಿಕೊಂಡು, ಅದರಲ್ಲಿದ್ದ 9 ಜನರನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್ ಸೇರಿ ಪಾರು ಮಾಡಿದ್ದರು.

ಇಲ್ಲಿ ಒಂದು ಒಳ್ಳೆ ಆಟ. ಎಐಎಸ್‌ನಲ್ಲಿ ಹಡಗಿನ ಅಳತೆ ನಾಲ್ಕು ಸಂಖ್ಯೆಯಾಗಿ ಬರುತ್ತದೆ: ಆಂಟೆನಾದಿಂದ ಮೂತಿಗೆ, ಹಿಂಬದಿಗೆ, ಎಡಕ್ಕೆ, ಬಲಕ್ಕೆ ಎಷ್ಟೆಷ್ಟು ಮೀಟರ್ ಅಂತ. ಮೊದಲ ಎರಡು ಕೂಡಿದರೆ ಉದ್ದ, ಕೊನೆಯ ಎರಡು ಕೂಡಿದರೆ ಅಗಲ. ಟ್ಯಾಂಕರಿಗೆ ಮನೆ ಹಿಂದೆ ಇರುವುದರಿಂದ ಮೊದಲ ಸಂಖ್ಯೆ ದೊಡ್ಡದು. ಓಎಸ್‌ವಿಗೆ ಮನೆ ಮುಂದೆ, ಮೊದಲ ಸಂಖ್ಯೆ ಚಿಕ್ಕದು. ಕೆಲವು ಓಎಸ್‌ವಿ "ಟಗ್" ಅಂತಲೋ "ಕಾರ್ಗೋ" ಅಂತಲೋ "ಇತರೆ" ಅಂತಲೋ ಜಾತಿ ಹಾಕಿಕೊಂಡಿರುತ್ತವೆ. ಆಗ ಈ ಎರಡು ಸಂಖ್ಯೆಯ ಮೇಲೆ ಒಂದು ಅಂದಾಜು ಮಾಡಬಹುದು. ಎಲ್ಲ ಸೈಟು ಈ ನಾಲ್ಕನ್ನೂ ಬಿಡಿಸಿ ತೋರಿಸುವುದಿಲ್ಲ, ನಕ್ಷೆಯನ್ನು ಪೂರ್ತಿ ಹತ್ತಿರ ಎಳೆದರೆ ಆಕಾರ ಕಾಣುತ್ತದೆ.

ಬಂದರಿನ ಗೇಟು, ಕಾಂಪೌಂಡಿನ ಹತ್ತಿರ ಫೋಟೋ ತೆಗೆಯಲು ಹೋಗಬೇಡಿ. ಸಿಐಎಸ್‌ಎಫ್‌ನವರು ಕೇಳುತ್ತಾರೆ, ಕೇಳುವುದು ಸರಿಯೇ.

ಹೆಜ್ಜೆ 5: ಚುಕ್ಕಿ ಮಾಯವಾದರೆ

ಜಾಸ್ತಿ ಫೋನ್ ಬರುವುದು ಇದಕ್ಕೇ. ಹಡಗು ಮುಂಬೈ ಬಿಟ್ಟು ಮೂರ್ನಾಲ್ಕು ಗಂಟೆ ಆದ ಮೇಲೆ ಚುಕ್ಕಿ ನಿಂತುಬಿಡುತ್ತದೆ. ಕೊನೆಯ ಜಾಗ ತೀರದಿಂದ 60, 70 ಕಿ.ಮೀ. ದೂರ. ಸುಮ್ನೆ ಲೆಕ್ಕ ಹಾಕಿ: ದಡದ ರಿಸೀವರಿನ ಕಿವಿ ಮುಗಿಯುವ ಜಾಗ ಅದು. ಹಡಗು ಸರಿಯಾಗಿಯೇ ಹೋಗುತ್ತಿದೆ, ಕೇಳಿಸಿಕೊಳ್ಳುವವರಿಲ್ಲ ಅಷ್ಟೆ. ವಾಪಸ್ ಬರುವಾಗ ಹೆಚ್ಚುಕಮ್ಮಿ ಅದೇ ದೂರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದೆರಡು ಟ್ರಿಪ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ನಿಮ್ಮ ಹಡಗಿನ ಮಾಯವಾಗುವ ಗಡಿ ಎಲ್ಲಿ ಅಂತ ಗೊತ್ತಾಗುತ್ತದೆ. ನಮ್ಮಕ್ಕ ಹೀಗೆ ಬರೆದ ಮೇಲೆಯೇ ರಾತ್ರಿ ನಿದ್ರೆ ಮಾಡಲು ಶುರು ಮಾಡಿದ್ದು.

ಬೇರೆ ಕಾರಣಗಳೂ ಉಂಟು. ಎಐಎಸ್ ಹಚ್ಚಿಟ್ಟರೆ ಹಡಗಿಗೇ ಅಪಾಯ ಅಂತ ಅನಿಸಿದರೆ, ಕಡಲ್ಗಳ್ಳರ ಜಾಗದಲ್ಲಿ ಅಂತಿಟ್ಟುಕೊಳ್ಳಿ, ಅದನ್ನು ಆರಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಗಲ್ಫಿನಲ್ಲಿ ಇನ್ನೊಂದು ತಮಾಷೆ. 2025ರ ಜೂನ್‌ನಲ್ಲಿ ಹೊರ್ಮುಜ್ ಜಲಸಂಧಿಯ ಸುತ್ತ ಜಿಪಿಎಸ್ ಸಿಗ್ನಲ್‌ಗೆ ಯಾರೋ ಅಡ್ಡಿ ಮಾಡಿ, ಹಡಗುಗಳು ನೆಲದ ಮೇಲೆ, ಇರಬಾರದ ಕಡೆಯಲ್ಲೆಲ್ಲ ಕಾಣಿಸಿದವು. ಚುಕ್ಕಿ ಮರುಭೂಮಿಯಲ್ಲಿ ಗುಂಡಗೆ ಸುತ್ತುತ್ತಿದ್ದರೆ ಹಡಗು ಕಡಲಲ್ಲೇ ಇದೆ, ಹೆದರಬೇಡಿ.

ಹಾಗಾದರೆ ಯಾವಾಗ ಹೆದರಬೇಕು? ತೂಫಾನ್ ಎಚ್ಚರಿಕೆ ಇದ್ದು, ಚುಕ್ಕಿಯೂ ಇಲ್ಲ, ಹುಡುಗನ ಮೆಸೇಜೂ ಇಲ್ಲ ಅಂದರೆ ಕಂಪನಿಗೆ ಫೋನ್ ಮಾಡಿ. ಯಾವ ಕಂಪನಿಗೆ ಅನ್ನುವುದೂ ಒಂದು ಪ್ರಶ್ನೆ. ಪ್ರತಿ ಹಡಗಿನ ಸುರಕ್ಷತೆಗೆ ದಡದಲ್ಲಿ ಒಬ್ಬರು ಜವಾಬ್ದಾರರು ಇರಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮವಿದೆ, ಅವರನ್ನು ಡಿಪಿಎ ಅನ್ನುತ್ತಾರೆ. ಆ ಹೆಸರು ಮತ್ತು ಫೋನ್ ನಂಬರ್ ಹಡಗಿನ ಒಳಗೆ ಗೋಡೆಯ ಮೇಲೆ ಅಂಟಿಸಿರುತ್ತಾರೆ. ಸೈನ್ ಆನ್ ಆದ ದಿನವೇ ಅದರ ಫೋಟೋ ಕಳಿಸಲು ಹುಡುಗನಿಗೆ ಹೇಳಿ. ಕೆಲಸ ಕೊಡಿಸಿದ ಏಜೆಂಟ್ ಫೋನ್ ಎತ್ತದ ರಾತ್ರಿ ನನಗೆ ಇದರ ಬೆಲೆ ಗೊತ್ತಾಗಿದೆ. ಕಡಲಲ್ಲಿ ಯಾರೋ ನಿಜವಾಗಿ ಅಪಾಯದಲ್ಲಿದ್ದಾರೆ ಅಂತ ಗೊತ್ತಾದರೆ ಕೋಸ್ಟ್ ಗಾರ್ಡ್‌ನ 1554.

ಹೆಜ್ಜೆ 6: ಹಡಗಿನ ಜಾತಕ ತೆಗೆಯಿರಿ

ಹುಡುಗಿ ನೋಡಲು ಹೋಗುವ ಮುಂಚೆ ಮನೆತನ ವಿಚಾರಿಸುವುದಿಲ್ಲವೇ, ಹಾಗೆ. ಈ ಕೆಲಸವನ್ನು ಸೈನ್ ಆನ್ ಆಗುವ ಮುಂಚೆ ಮಾಡುವುದು ಉತ್ತಮ.

ಮೊದಲು ಈಕ್ವಾಸಿಸ್ ಎಂಬ ಸೈಟು. ಪುಕ್ಕಟೆ, ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಐಎಂಒ ನಂಬರ್ ಹಾಕಿದರೆ ಬಾವುಟ, ಗ್ರಾಸ್ ಟನ್ನೇಜ್, ಡೆಡ್‌ವೇಟ್, ಕಟ್ಟಿದ ವರ್ಷ, ಹಳೆಯ ಹೆಸರುಗಳು, ಮಾಲೀಕ, ನಡೆಸುವ ಕಂಪನಿ ಎಲ್ಲ ಬರುತ್ತದೆ. ಮಾಲೀಕ ಅಂತ ಇರುವುದು ಎಷ್ಟೋ ಸಲ ಆ ಒಂದೇ ಹಡಗಿಗಾಗಿ ಹುಟ್ಟಿಸಿದ ಕಾಗದದ ಕಂಪನಿ. ನೀವು ನೋಡಬೇಕಾದದ್ದು ಐಎಸ್ಎಂ ಮ್ಯಾನೇಜರ್ ಎಂಬ ಸಾಲು. ಹಡಗನ್ನು ನಿಜವಾಗಿ ನಡೆಸುವವರು, ಡಿಪಿಎಯನ್ನು ಇಟ್ಟಿರುವವರು ಅವರೇ. ಬಂದರುಗಳಲ್ಲಿ ನಡೆದ ತಪಾಸಣೆಯ ಪಟ್ಟಿಯೂ ಅಲ್ಲೇ ಇದೆ. ಒಂದೆರಡು ಕೊರತೆ ಎಲ್ಲ ಹಡಗಿಗೂ ಇರುತ್ತದೆ. ಆದರೆ ಹಡಗನ್ನು ಹೊರಡದಂತೆ ತಡೆದು ನಿಲ್ಲಿಸಿದ್ದು ಎರಡು ಮೂರು ಸಲ ಕಂಡರೆ ನಾನಾಗಿದ್ದರೆ ಹುಡುಗನನ್ನು ಕಳಿಸುವುದಿಲ್ಲ.

ಎರಡನೆಯದು ಕ್ಲಾಸ್ ಸೊಸೈಟಿ. ಹಡಗು ಗಟ್ಟಿ ಇದೆಯೇ ಅಂತ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ. ನಮ್ಮಲ್ಲಿ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್, ಹೊರಗೆ ಡಿಎನ್‌ವಿ, ಎಬಿಎಸ್, ಲಾಯ್ಡ್ಸ್ ರಿಜಿಸ್ಟರ್, ಬ್ಯೂರೋ ವೆರಿಟಾಸ್. ಈಕ್ವಾಸಿಸ್‌ನಲ್ಲಿ ಯಾವ ಕ್ಲಾಸ್ ಅಂತ ನೋಡಿ, ಆಮೇಲೆ ಆ ಸಂಸ್ಥೆಯ ಸೈಟಿನಲ್ಲೇ ಹುಡುಕಿ. ಕ್ಲಾಸ್ ರದ್ದಾಗಿದೆ ಅಥವಾ ತಡೆಹಿಡಿದಿದೆ ಅಂತ ಇದ್ದರೆ ಅಲ್ಲಿಗೇ ಮಾತು ಮುಗಿಯಿತು.

ಮೂರನೆಯದು ಕಂಪನಿಯ ಬ್ರೋಷರ್, ಎರಡು ಪುಟದ ಪಿಡಿಎಫ್. ವಿವರ ಎಲ್ಲಕ್ಕಿಂತ ಜಾಸ್ತಿ ಇದರಲ್ಲೇ, ಮಾರುವವನ ಮಾತೂ ಇದರಲ್ಲೇ. ಹುಡುಗನ ಎರಡನೇ ಕಾಂಟ್ರಾಕ್ಟಿಗೆ ಒಬ್ಬ ಏಜೆಂಟ್ ಕಳಿಸಿದ್ದ ಬ್ರೋಷರಿನಲ್ಲಿ ಡಿಪಿ 2 (ಹಡಗನ್ನು ಕಂಪ್ಯೂಟರೇ ಒಂದೇ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆಯ ದರ್ಜೆ, ಮುಂದೆ ಹೇಳುತ್ತೇನೆ) ಅಂತ ದಪ್ಪಕ್ಷರದಲ್ಲಿತ್ತು, ಕ್ಲಾಸ್ ಸೈಟಿನಲ್ಲಿ ನೋಡಿದರೆ ಡಿಪಿ 1. ಡಿಪಿ ಕಲಿಯುವ ಹುಡುಗರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಕಟ್ಟಿದ ಯಾರ್ಡಿನ ಹೆಸರೂ ನೋಡಿ, ಒಮ್ಮೊಮ್ಮೆ ಖುಷಿಯಾಗುತ್ತದೆ. ಟೆಬ್ಮಾ, ಮಲ್ಪೆ ಅಂತ ಕಂಡರೆ ಅದು ನಮ್ಮೂರಿನ ಕೂಸು. ಟೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿತು, 2022ರಲ್ಲಿ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. ಹಳೆಯ ಹಡಗುಗಳ ದಾಖಲೆಯಲ್ಲಿ ಹಳೆಯ ಹೆಸರೇ ಇರುತ್ತದೆ, ಬೇರೆ ಯಾರ್ಡು ಅಂದುಕೊಳ್ಳಬೇಡಿ.

ಹೆಜ್ಜೆ 7: ಜಾತಕದ ಅಂಕೆಗಳನ್ನು ಓದುವುದು

ಉದ್ದ, ಅಗಲ ಹೇಳಬೇಕಾಗಿಲ್ಲ. ಒಂದು ಅಂದಾಜಿಗೆ, ಯುಟಿ 755 ಎಲ್ ಎಂಬ ಹೆಸರುವಾಸಿ ಪಿಎಸ್‌ವಿ ವಿನ್ಯಾಸ ಸುಮಾರು 72 ಮೀಟರ್ ಉದ್ದ, 16 ಮೀಟರ್ ಅಗಲ.

ಗ್ರಾಸ್ ಟನ್ನೇಜ್ ಮತ್ತು ಡೆಡ್‌ವೇಟ್, ಇವೆರಡನ್ನು ಎಲ್ಲರೂ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಗ್ರಾಸ್ ಟನ್ನೇಜ್ ತೂಕವೇ ಅಲ್ಲ! ಹಡಗಿನ ಮುಚ್ಚಿದ ಜಾಗದ ಒಟ್ಟು ಗಾತ್ರದಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ, ಅದಕ್ಕೆ ಕೆ.ಜಿ., ಟನ್ ಯಾವುದೂ ಇಲ್ಲ. ಡೆಡ್‌ವೇಟ್ ನಿಜವಾದ ತೂಕ, ಹಡಗು ಎಷ್ಟು ಹೊರಬಹುದು ಅಂತ. ಆದರೆ ಅದರಲ್ಲಿ ಸರಕು ಮಾತ್ರ ಅಲ್ಲ, ಹಡಗಿನದೇ ಡೀಸೆಲ್, ಕುಡಿಯುವ ನೀರು, ಜನ, ಅಡುಗೆ ಸಾಮಾನು ಎಲ್ಲ ಸೇರಿದೆ.

ಡೆಕ್ಕಿನ ವಿಸ್ತೀರ್ಣ ಚದರ ಮೀಟರಿನಲ್ಲಿ, ಡೆಕ್ಕಿನ ಬಲ ಚದರ ಮೀಟರಿಗೆ ಇಷ್ಟು ಟನ್ ಅಂತ. 500 ಚದರ ಮೀಟರ್, 5 ಟನ್ ಅಂದರೆ 2500 ಟನ್ ಹೇರಬಹುದು ಅಂತ ಗುಣಿಸಬೇಡಿ. 5 ಟನ್ ಅನ್ನುವುದು ಒಂದು ಜಾಗದಲ್ಲಿ ತಗಡು ತಡೆಯುವ ಭಾರ. ಅಷ್ಟೆತ್ತರದಲ್ಲಿ ಅಷ್ಟು ತೂಕ ಇಟ್ಟರೆ ಹಡಗು ಮಗುಚುತ್ತದೆ. ಅದಕ್ಕೇ "ಡೆಕ್ ಕಾರ್ಗೋ ಗರಿಷ್ಠ" ಎಂಬ ಬೇರೆ ಸಾಲು ಇರುತ್ತದೆ, ಅದು ತುಂಬಾ ಕಡಿಮೆ ಇರುತ್ತದೆ.

ಡೆಕ್ಕಿನ ಕೆಳಗೆ ಟ್ಯಾಂಕುಗಳು. ಡೀಸೆಲ್, ಡ್ರಿಲ್ ವಾಟರ್, ಕುಡಿಯುವ ನೀರು, ಬಾವಿ ಕೊರೆಯುವಾಗ ಬೇಕಾಗುವ ಮಡ್, ಉಪ್ಪುನೀರಿನ ದ್ರಾವಣ, ಮತ್ತೆ ಸಿಮೆಂಟ್, ಬರೈಟ್ ಪುಡಿ. ಪುಡಿಯನ್ನು ಗಾಳಿಯ ಒತ್ತಡದಿಂದ ಪೈಪಿನಲ್ಲಿ ಊದಿ ರಿಗ್ಗಿಗೆ ಏರಿಸುತ್ತಾರೆ. ಎಲ್ಲ ಟ್ಯಾಂಕಿನ ಲೆಕ್ಕ ಕೂಡಿಸಿ ನೋಡಿ, ಸಾಮಾನ್ಯವಾಗಿ ಡೆಡ್‌ವೇಟನ್ನು ಮೀರುತ್ತದೆ. ಸುಳ್ಳು ಅಂತಲ್ಲ, ಎಲ್ಲವನ್ನೂ ಒಟ್ಟಿಗೆ ತುಂಬುವುದಿಲ್ಲ. ಮಡ್ ನೀರಿಗಿಂತ ಎರಡು ಪಟ್ಟು ಭಾರ ಇರಬಹುದು, 100 ಘನ ಮೀಟರ್ ತುಂಬಿದರೆ 200 ಟನ್.

ಎಎಚ್‌ಟಿಎಸ್ ಆದರೆ ಬೊಲಾರ್ಡ್ ಪುಲ್ ನೋಡಿ. ದಡದ ಗಟ್ಟಿ ಕಂಬಕ್ಕೆ ಹಗ್ಗ ಕಟ್ಟಿ, ನಡುವೆ ತೂಕದ ಯಂತ್ರ ಇಟ್ಟು, ಹಡಗು ಪೂರ್ತಿ ಶಕ್ತಿಯಲ್ಲಿ ಎಳೆದಾಗ ಬರುವ ಟನ್ ಅದು. ಕಂಬಳದ ಕೋಣ ಓಡುವುದಕ್ಕೆ, ಉಳುವ ಕೋಣ ಎಳೆಯುವುದಕ್ಕೆ ಅಲ್ವಾ? ಕ್ರೂ ಬೋಟ್ ಮೊದಲನೆಯದು, ಎಎಚ್‌ಟಿಎಸ್ ಎರಡನೆಯದು. 2025ರ ಜೂನ್‌ನಲ್ಲಿ ಕೇರಳದ ಆಚೆ ಬೆಂಕಿ ಬಿದ್ದ ವಾನ್ ಹೈ 503 ಕಂಟೈನರ್ ಹಡಗನ್ನು ದಿನಗಟ್ಟಲೆ ಎಳೆದು ದೂರ ಒಯ್ದದ್ದು ಇಂಥ ಟಗ್‌ಗಳೇ. ಅದರ 18 ಜನರನ್ನು ನಮ್ಮ ಬಂದರಿಗೇ ತಂದಿದ್ದರು.

ಎಂಜಿನ್ ಬಲ ಕೆಲವರು ಬಿಎಚ್‌ಪಿ ಅಂತ, ಕೆಲವರು ಕಿಲೋವ್ಯಾಟ್ ಅಂತ ಹಾಕುತ್ತಾರೆ. ಬಿಎಚ್‌ಪಿಯನ್ನು 0.7457ರಿಂದ ಗುಣಿಸಿದರೆ ಕಿಲೋವ್ಯಾಟ್. ಮೋಟಾಗಿ 100 ಬಿಎಚ್‌ಪಿಗೆ 1.2 ಟನ್ ಎಳೆತ ಅಂತ ಹಿಡಿಯಿರಿ, 5000ಕ್ಕೆ 60 ಟನ್ ಆಸುಪಾಸು. ಮಲ್ಪೆಯ ಯಾರ್ಡಿನಲ್ಲಿ ಈಚೆಗೆ ಕಟ್ಟಿದ ಬಂದರು ಟಗ್‌ಗಳದ್ದು 62 ಟನ್. ಅದೇ 5000 ಬಿಎಚ್‌ಪಿಗೆ ಬ್ರೋಷರ್ 90 ಟನ್ ಅಂದರೆ ಬೊಲಾರ್ಡ್ ಪುಲ್ ಸರ್ಟಿಫಿಕೇಟ್ ಕೇಳಬೇಕು.

ಡಿಪಿ ಅಂದರೆ ಲಂಗರು ಹಾಕದೆ, ಹಗ್ಗ ಕಟ್ಟದೆ, ಕಂಪ್ಯೂಟರೇ ಪ್ರೊಪೆಲ್ಲರ್‌ಗಳನ್ನು ತಿರುಗಿಸಿ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆ. ಡಿಪಿ 1ರಲ್ಲಿ ಒಂದು ಕೆಟ್ಟರೆ ಹಡಗು ಸರಿದುಹೋಗಬಹುದು, ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಇರುವಾಗ ಅದು ಎಷ್ಟು ಅಪಾಯ ಯೋಚಿಸಿ. ಡಿಪಿ 2ರಲ್ಲಿ ಜನರೇಟರ್, ಥ್ರಸ್ಟರ್, ಕಂಪ್ಯೂಟರ್ ಯಾವುದಾದರೂ ಒಂದು ಕೈಕೊಟ್ಟರೂ ಹಡಗು ಜಾಗ ಬಿಡಬಾರದು. ಡಿಪಿ 3 ಆದರೆ ಒಂದು ಕೋಣೆ ಪೂರ್ತಿ ಬೆಂಕಿಗೆ ಅಥವಾ ನೀರಿಗೆ ಹೋದರೂ ನಿಲ್ಲಬೇಕು. ಕ್ಲಾಸ್ ಸೈಟಿನಲ್ಲಿ ಇದೇ ಮಾತು ಬೇರೆ ಬೇರೆ ವೇಷದಲ್ಲಿರುತ್ತದೆ: ಎಬಿಎಸ್‌ನಲ್ಲಿ ಡಿಪಿಎಸ್-2, ಲಾಯ್ಡ್ಸ್‌ನಲ್ಲಿ ಡಿಪಿ ಎಎ, ಡಿಎನ್‌ವಿಯಲ್ಲಿ ಡೈನ್‌ಪೋಸ್ ಎಯುಟಿಆರ್. ಮೂರೂ ಡಿಪಿ 2ರ ಲೆಕ್ಕಕ್ಕೇ ಬರುತ್ತವೆ.

ಫೈಫೈ 1 ಅಂತ ಇದ್ದರೆ ಬೆಂಕಿ ಆರಿಸುವ ಹಡಗೂ ಹೌದು. ಗಂಟೆಗೆ 2400 ಘನ ಮೀಟರ್ ನೀರನ್ನು 120 ಮೀಟರ್ ದೂರಕ್ಕೆ ಚಿಮ್ಮಬೇಕು. "ಅರ್ಧ ಫೈಫೈ" ಅಂತೆಲ್ಲ ಬ್ರೋಷರಿನಲ್ಲಿ ಬರೆಯುವವರಿದ್ದಾರೆ, ಕ್ಲಾಸ್‌ನಲ್ಲಿ ಏನಿದೆ ನೋಡಿ.

ನೋಟ್‌ಬುಕ್ಕಿನ ಪುಟ

ಅಕ್ಕನ ನೋಟ್‌ಬುಕ್ಕಿನಲ್ಲಿ ಪ್ರತಿ ಕಾಂಟ್ರಾಕ್ಟಿಗೆ ಒಂದು ಪುಟ. ಮೇಲೆ ಐಎಂಒ ನಂಬರ್ ದೊಡ್ಡದಾಗಿ, ಅದರ ಕೆಳಗೆ ಎಂಎಂಎಸ್ಐ, ಐಎಸ್ಎಂ ಮ್ಯಾನೇಜರ್, ಡಿಪಿಎ ಫೋನ್, ಏಜೆನ್ಸಿಯ ಆರ್‌ಪಿಎಸ್‌ಎಲ್ ನಂಬರ್ (ಹಡಗಿಗೆ ಜನ ಕಳಿಸಲು ಸರ್ಕಾರ ಕೊಡುವ ಲೈಸೆನ್ಸಿನದ್ದು). ಈ ಕೊನೆಯದನ್ನು ಡಿಜಿ ಶಿಪ್ಪಿಂಗ್ ಸೈಟಿನಲ್ಲಿ ಹಾಕಿ, ಲೈಸೆನ್ಸ್ ಇದೆಯೇ ಅಂತ ದುಡ್ಡು ಕೊಡುವ ಮುಂಚೆ ನೋಡಿ. ಹಡಗಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಚುಕ್ಕಿಯ ಸ್ಕ್ರೀನ್‌ಶಾಟ್ ತೆಗೆದು, ಹುಡುಗನ ಹೆಸರು ಬರೆದು ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆಲ್ಲ ಹಾಕಬೇಡಿ. ಅಕ್ಕ ಒಮ್ಮೆ ಹಾಕಿದ್ದಳು, ಮರುದಿನವೇ "ನಿಮ್ಮ ಮಗನ ಹಡಗಿಗೆ ತೊಂದರೆಯಾಗಿದೆ, ದುಡ್ಡು ಕಳಿಸಿ" ಅಂತ ಯಾರೋ ಫೋನ್ ಮಾಡಿದ. ಅಕ್ಕ ಐಎಂಒ ನಂಬರ್ ಹೇಳು ಅಂದಳು. ಅವನು ಫೋನ್ ಇಟ್ಟ.